ಕಾಯಿಲೆ ಕಾಲದಲ್ಲಿ ಮನೆಯಲ್ಲೊಬ್ಬಳು ಬಸುರಿ ಇದ್ದರೆ

2020ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಲಾಕ್‌ಡೌನ್ ಶುರುವಾಗಿದ್ದೂ ಅವತ್ತೇ. ಐದು ತಿಂಗಳ ಬಸುರಿ ತಂಗಿ ಸೊರಬದ ಕಡೆಯ ಗಂಡನ ಮನೆಯಿಂದ ಹಬ್ಬಕ್ಕೆ ಅಂತ ಹೊಸನಗರ ತಾಲ್ಲೂಕಿನ ನಮ್ಮೂರಿಗೆ ಬಂದಿದ್ದಳು. ಬೇವು-ಬೆಲ್ಲ ತಿಂದು ವಾಪಸ್ ಹೊರಡೋಣ ಅಂದರೆ ಬಸ್ಸೇ ಇಲ್ಲ. ಬಸುರಿಯ ಚೆಕಪ್ ವಿವರ ಬರೆದಿಡುವ ಅವಳ ತಾಯಿ ಕಾರ್ಡು ಮಾತ್ರ ಅಲ್ಲಿ, ಗಂಡನ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ ಭದ್ರವಾಗಿತ್ತು.

ಆಗ ನಮಗೆಲ್ಲ ಇದ್ದಿದ್ದು ಒಂದೇ ಭಯ, ಕೊರೊನಾ. ಆದರೆ ಮೇ ಮೊದಲ ವಾರ ಕಳೆಯುವವರೆಗೂ ಶಿವಮೊಗ್ಗ ಜಿಲ್ಲೆಯಲ್ಲಿ ಒಂದೂ ಕೇಸ್ ಇರಲಿಲ್ಲ. ಅಷ್ಟರಲ್ಲಿ ತಂಗಿಯ ಎರಡು ಚೆಕಪ್ ತಪ್ಪಿಹೋಗಿತ್ತು. ಬಸ್ಸಿಲ್ಲ, ಆಸ್ಪತ್ರೆಗೆ ಹೋದರೆ ಏನಾದರೂ ಅಂಟಿಕೊಂಡರೆ ಅಂತ ಅಮ್ಮನಿಗೆ ಹೆದರಿಕೆ, ನನಗೋ ಇದೆಲ್ಲ ಹೆಂಗಸರ ವಿಷಯ ಅನ್ನುವ ಉಡಾಫೆ. ಕಾಯಿಲೆ ಜಿಲ್ಲೆಗೆ ಕಾಲಿಡುವ ಮೊದಲೇ ನಾವು ಮಾಡಬಾರದ್ದನ್ನು ಮಾಡಿಕೊಂಡಿದ್ದೆವು.

ಮೇ ಕೊನೆಯಲ್ಲಿ ಜ್ವರ-ಕೆಮ್ಮಿನ ಸರ್ವೆಗೆ ಅಂತ ಆಶಾ ಕಾರ್ಯಕರ್ತೆ ಮನೆಗೆ ಬಂದರು, ಜೊತೆಗೆ ಸಬ್‌ಸೆಂಟರ್ ಸಿಸ್ಟರ್. ತಂಗಿ ಜಗಲಿಯ ಮೇಲೆ ಕೂತಿದ್ದಳು. ಬಿಪಿ ನೋಡೋಕೆ ಅಂತ ಸಿಸ್ಟರ್ ಅವಳ ಬಳೆ ಮೇಲೆ ಸರಿಸಿದರು. ಸರಿಯಲಿಲ್ಲ. ಗಾಜಿನ ಬಳೆ ಮಾಂಸದಲ್ಲಿ ಹೂತ ಹಾಗೆ ಕೂತಿತ್ತು.

"ಇದು ಯಾವಾಗಿಂದ ಹಿಂಗೆ?"

"ಹದಿನೈದು ದಿನ ಆಯ್ತೇನೋ ಸಿಸ್ಟರ್. ತಲೆನೋವೂ ಇದೆ, ಸೆಕೆಗೆ ಅಂದ್ಕೊಂಡೆ."

"ಬಸುರೀಲಿ ಕೈಕಾಲು ಊದೋದು ಇದ್ದಿದ್ದೇ ಅಲ್ವಾ" ಅಂದರು ಅಮ್ಮ. ಸಿಸ್ಟರ್ ಏನೂ ಅನ್ನಲಿಲ್ಲ. ಎರಡು ಸಲ ಬಿಪಿ ನೋಡಿದರು. 150/100.

ಬಸುರಿಗೆ 140/90 ಮುಟ್ಟಿದರೇ ಜಾಸ್ತಿ ಅಂತ ಲೆಕ್ಕ. ಅವತ್ತು ಮಧ್ಯಾಹ್ನವೇ ಪಕ್ಕದ ಮನೆಯವರ ಜೀಪಿನಲ್ಲಿ ಹೊಸನಗರಕ್ಕೆ, ಅಲ್ಲಿಂದ ಶಿವಮೊಗ್ಗಕ್ಕೆ ಹೋದೆವು. ಆಮೇಲಿನ ಎರಡು ತಿಂಗಳು ನಾನು ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಮಾತ್ರೆ-ಔಷಧಿ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಅಂತಿಮ. ಇದು ಗಂಡ, ಅಣ್ಣ, ಮಾವ, ಅತ್ತೆ, ಪಕ್ಕದ ಮನೆಯವರು ಮಾಡಬಹುದಾದ ಕೆಲಸಗಳ ಬಗ್ಗೆ. ಕೊರೊನಾ ಹೋಯಿತು ಅಂತ ಸುಮ್ನೆ ಪಕ್ಕಕ್ಕಿಡಬೇಡಿ, ಮಂಗನ ಕಾಯಿಲೆ ಕಂಡ ಸೀಮೆ ನಮ್ಮದು, ಇನ್ನೊಂದು ಬರಲ್ಲ ಅಂತ ಹೇಳೋಕಾಗಲ್ಲ.

ಮೊದಲು ತಾಯಿ ಕಾರ್ಡಿನ ಫೋಟೊ ತೆಗೆಯಿರಿ

ಈಗಲೇ, ಇದನ್ನು ಓದುತ್ತಿರುವಾಗಲೇ. ಎಲ್ಲ ಪುಟದ್ದೂ. ಜೊತೆಗೆ ರಕ್ತದ ಗುಂಪು ಇರುವ ಚೀಟಿ, ಸ್ಕ್ಯಾನಿಂಗ್ ರಿಪೋರ್ಟು, ಆಧಾರ್, ರೇಷನ್ ಕಾರ್ಡು. ಅವಳ ಫೋನಿನಲ್ಲೊಂದು, ಗಂಡನ ಫೋನಿನಲ್ಲೊಂದು, ತವರಿನವರ ಫೋನಿನಲ್ಲೊಂದು ಇರಲಿ. ನಮ್ಮ ಭಾವ ಗುಡ್ಡ ಹತ್ತಿ ಸಿಗ್ನಲ್ ಹುಡುಕಿ ಒಂದೊಂದೇ ಪುಟ ವಾಟ್ಸಾಪ್‌ನಲ್ಲಿ ಕಳಿಸಿದರು. ಅದು ಬರುವವರೆಗೆ ತಂಗಿಗೆ ಯಾವ ಇಂಜೆಕ್ಷನ್ ಆಗಿದೆ, ರಕ್ತ ಎಷ್ಟಿತ್ತು ಅಂತ ಕೇಳಿದರೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಎರಡನೇ ಕೆಲಸ, ಈಗ ಇರುವ ಊರಿನ ಆಶಾ ಕಾರ್ಯಕರ್ತೆಗೆ ಹೇಳುವುದು. ತವರಿಗೆ ಬಂದ ಬಸುರಿ ಆ ಊರಿನ ಆಶಾ ಪಟ್ಟಿಯಲ್ಲಿ ಇರುವುದಿಲ್ಲ. ನೀವಾಗಿ ಹೋಗಿ ಹೇಳದೆ ಅವರಿಗೆ ಗೊತ್ತಾಗುವುದಾದರೂ ಹೇಗೆ? ಹೇಳಿದರೆ ಮಾತ್ರೆ, ಚುಚ್ಚುಮದ್ದು, ಆಂಬುಲೆನ್ಸ್ ಎಲ್ಲದಕ್ಕೂ ಒಂದು ದಾರಿ ಸಿಗುತ್ತದೆ. ಅಂಗನವಾಡಿಯಲ್ಲೂ ಹೆಸರು ಬರೆಸಿ. ಮಾತೃಪೂರ್ಣ ಯೋಜನೆಯ ಊಟ 2017ರಿಂದ ಅಂಗನವಾಡಿಯಲ್ಲೇ ಕೊಡುತ್ತಿದ್ದರು, ಲಾಕ್‌ಡೌನ್ ಬಂದ ಮೇಲೆ ಅಕ್ಕಿ-ಬೇಳೆ-ಮೊಟ್ಟೆ ಮನೆಗೇ ಕೊಟ್ಟರು. ನಮ್ಮಂಥ ಒಂಟಿ ಮನೆಗಳ ಊರಿನಲ್ಲಿ, ತುಂಬಿದ ಬಸುರಿ ದಿನಾ ಮೂರು ಕಿಲೋಮೀಟರ್ ನಡೆದು ಹೋಗಿ ಊಟ ಮಾಡಿ ಬರೋದು ಆಗದ ಮಾತು. ಅದಕ್ಕೆ ಮನೆಗೆ ಕೊಡುವುದೇ ಸರಿ ಅಂತ ನನ್ನ ಅಭಿಪ್ರಾಯ.

ಯಾವ ಚೆಕಪ್ ತಪ್ಪಿಸಬಾರದು, ಯಾವುದು ಫೋನಿನಲ್ಲೇ ಆಗುತ್ತದೆ

ಕಮ್ಮಿ ಅಂದರೂ ನಾಲ್ಕು ಸಲ ನೇರವಾಗಿ ತೋರಿಸಲೇಬೇಕು. ಮೂರು ತಿಂಗಳೊಳಗೆ ಒಂದು, 14ರಿಂದ 26 ವಾರದೊಳಗೆ ಒಂದು, 28ರಿಂದ 34ರೊಳಗೆ ಒಂದು, 36 ವಾರ ಆದಮೇಲೆ ಒಂದು. ಇದು ಕನಿಷ್ಠದ ಲೆಕ್ಕ, ಬಿಪಿ-ಶುಗರ್ ಇದ್ದವರಿಗೆ ಜಾಸ್ತಿ ಬೇಕು. ಬಿಪಿ, ತೂಕ, ರಕ್ತದ ಹಿಮೋಗ್ಲೋಬಿನ್, ಮೂತ್ರ, ಮಗುವಿನ ಎದೆಬಡಿತ, ಇವನ್ನೆಲ್ಲ ಫೋನಿನಲ್ಲಿ ನೋಡೋಕಾಗಲ್ಲ. ಐದನೇ ತಿಂಗಳ ಸ್ಕ್ಯಾನಿಂಗೂ ಮುಂದಕ್ಕೆ ಹಾಕುವಂಥದ್ದಲ್ಲ, ಮಗುವಿನ ಅಂಗಾಂಗ ಸರಿಯಾಗಿ ಕಾಣುವುದು 18ರಿಂದ 20 ವಾರದ ಹೊತ್ತಿಗೆ. ಶುಗರ್ ಟೆಸ್ಟು ಮೊದಲ ಭೇಟಿಯಲ್ಲೊಂದು, 24ರಿಂದ 28 ವಾರದಲ್ಲಿ ಇನ್ನೊಂದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುತ್ತಾರೆ, 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಸಿರಿನ ಸಕ್ಕರೆ ಕಾಯಿಲೆ. ಎರಡು ಗಂಟೆ ಆಸ್ಪತ್ರೆಯ ಒಳಗೇ ಕೂರಬೇಕಾಗಿಲ್ಲ, ಹೊರಗೆ ಮರದ ಕೆಳಗೋ ಜೀಪಿನಲ್ಲೋ ಕೂತು ಕಾಯಬಹುದು.

ಉಳಿದದ್ದು ಫೋನಿನಲ್ಲಿ ಆಗುತ್ತದೆ. ವಾಂತಿ, ಎದೆಯುರಿ, ಮಲಬದ್ಧತೆ, ರಿಪೋರ್ಟ್ ತೋರಿಸುವುದು, ಮಾತ್ರೆ ಬಗ್ಗೆ ಕೇಳುವುದು. 2020ರ ಏಪ್ರಿಲ್‌ನಲ್ಲಿ ಶುರುವಾದ ಇ-ಸಂಜೀವಿನಿಯಲ್ಲಿ ಡಾಕ್ಟರ ಹತ್ತಿರ ವಿಡಿಯೊದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿಯೂ ಕೇಳಬಹುದು. ನೆಟ್‌ವರ್ಕೇ ಇಲ್ಲದವರು ಏನು ಮಾಡೋದು ಅನ್ನುತ್ತೀರಾ? ಮಕ್ಕಳು ಆನ್‌ಲೈನ್ ಕ್ಲಾಸಿಗೆ ಹತ್ತುತ್ತಿದ್ದ ಗುಡ್ಡಕ್ಕೆ ನೀವು ಹತ್ತಿ. ಬಸುರಿಯನ್ನು ಹತ್ತಿಸಬೇಡಿ. ಅವಳಿಗೆ ಏನಾಗುತ್ತಿದೆ, ಬಿಪಿ ಎಷ್ಟಿದೆ, ಯಾವ ಮಾತ್ರೆ ನಡೆಯುತ್ತಿದೆ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಫೋನ್ ಮಾಡಿ, ಬಸುರಿಯರನ್ನು ಯಾವಾಗ ನೋಡುತ್ತಾರೆ, ಯಾವ ಬಾಗಿಲಿನಿಂದ ಬರಬೇಕು ಅಂತ ಕೇಳಿಕೊಳ್ಳಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಅಂತಲೇ ತಪಾಸಣೆ ಇರುತ್ತದೆ. ಜೊತೆಗೆ ಒಬ್ಬರೇ ಹೋಗಿ, ಮಾಸ್ಕ್ ಹಾಕಿ, ನೀರು-ತಿಂಡಿ ಮನೆಯಿಂದಲೇ ಒಯ್ಯಿರಿ. ಒಂದೇ ದಿನ ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಮುಗಿಯುವ ಹಾಗೆ ನೋಡಿಕೊಂಡರೆ ಇನ್ನೊಮ್ಮೆ ಓಡಾಡುವುದು ತಪ್ಪುತ್ತದೆ.

ನಮ್ಮನ್ನು ಒಂದು ಸ್ಕ್ಯಾನಿಂಗ್ ಸೆಂಟರಿನವರು ಕೊರೊನಾ ರಿಪೋರ್ಟ್ ತಂದರೆ ಮಾತ್ರ ಒಳಗೆ ಅಂತ ಬಾಗಿಲಲ್ಲೇ ನಿಲ್ಲಿಸಿದರು. ನಾನು ರೇಗಿದೆ, ಏನೂ ಪ್ರಯೋಜನ ಆಗಲಿಲ್ಲ. ಬರೆದುಕೊಟ್ಟ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ, ಅವರು ಎರಡು ಮಾತು ಆಡಿದ ಮೇಲೆ ಬಾಗಿಲು ತೆರೆಯಿತು. ಟೆಸ್ಟ್ ಆಗಿಲ್ಲ ಅನ್ನುವ ಕಾರಣಕ್ಕೆ ಹೆರಿಗೆಯಂಥ ತುರ್ತು ಕೆಲಸ ತಡ ಮಾಡಬಾರದು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರ ಮೇ ತಿಂಗಳಲ್ಲೇ ಹೇಳಿತ್ತು. ಇಂಥ ಮಾತು ಗೊತ್ತಿದ್ದರೆ ಜಗಳ ಆಡುವ ಬದಲು ಮಾತಾಡಬಹುದು.

ಬಿಪಿ ಮೆಷಿನ್, ಮತ್ತೆ ಮಗುವಿನ ಒದೆತ

ನಾಲ್ಕು ಮನೆಯವರು ಸೇರಿ ಒಂದು ಡಿಜಿಟಲ್ ಬಿಪಿ ಮೆಷಿನ್ ತಂದುಕೊಳ್ಳಿ, ತೋಳಿಗೆ ಕಟ್ಟುವಂಥದ್ದು. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಐದು ನಿಮಿಷ ಸುಮ್ಮನೆ ಬೆನ್ನು ಆನಿಸಿ ಕೂರಬೇಕು, ಕಾಲು ನೆಲಕ್ಕೆ ತಾಗಿರಬೇಕು, ತೋಳು ಎದೆಮಟ್ಟಕ್ಕೆ ಇರಬೇಕು. ಮಾತಾಡಬಾರದು, ನಮ್ಮ ತಂಗಿಗೆ ಇದೇ ಕಷ್ಟ. ನೋಡಿದ್ದನ್ನು ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲೇ ಬರೆಯಿರಿ. ಹಾಲಿನ ಲೆಕ್ಕ ಬರೆಯೋ ಜಾಗದಲ್ಲಿ ನಮ್ಮ ಮನೆಯಲ್ಲಿ ಎರಡು ತಿಂಗಳು ಬಿಪಿ ಲೆಕ್ಕ ಇತ್ತು. ಶಿವಮೊಗ್ಗದ ಡಾಕ್ಟರು ಆ ಕ್ಯಾಲೆಂಡರಿನ ಫೋಟೊ ನೋಡಿಯೇ ಮಾತ್ರೆ ಹೆಚ್ಚು ಕಮ್ಮಿ ಮಾಡುತ್ತಿದ್ದರು.

140/90 ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ಹೇಳಿ. 160/110 ಬಂದರೆ ಫೋನಿನಲ್ಲಿ ಕಾಲ ಕಳೆಯಬೇಡಿ, ಗಾಡಿ ತೆಗೆಯಿರಿ.

28 ವಾರ ಆದ ಮೇಲೆ ಮಗುವಿನ ಓಡಾಟ ಗಮನಿಸುವುದನ್ನು ಅಭ್ಯಾಸ ಮಾಡಿಸಿ. ಊಟ ಆದ ಮೇಲೆ ಎಡ ಮಗ್ಗುಲಿಗೆ ಮಲಗಿ ಎಣಿಸಬೇಕು. ಎರಡು ಗಂಟೆಯಲ್ಲಿ ಹತ್ತು ಸಲವಾದರೂ ಒದೆಯಬೇಕು. ಕಮ್ಮಿಯಾಯಿತು ಅನ್ನಿಸಿದರೆ ನಾಳೆ ನೋಡೋಣ ಅನ್ನಬೇಡಿ. "ಮಗು ಮಲಗಿರಬೇಕು ಬಿಡು" ಅನ್ನುವ ಅಜ್ಜಿಯಂದಿರಿಗೆ ನಮಸ್ಕಾರ ಹೇಳಿ ಹೊರಡಿ.

ಹೊರಡಲೇಬೇಕಾದ ಇನ್ನೂ ಕೆಲವು ಸಂದರ್ಭ ಇವೆ. ರಕ್ತ ಹೋಗುವುದು, ಸ್ವಲ್ಪವೇ ಆದರೂ. ನೀರು ಒಡೆಯುವುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ಜೋರಾಗಿ ನೋವು, ಮುಖ-ಕೈ ಊದುವುದು, ಫಿಟ್ಸ್. ಕೂತಲ್ಲೇ ಏದುಸಿರು. ಇದರಲ್ಲಿ ಯಾವುದಕ್ಕೂ ಕಷಾಯ ಇಲ್ಲ.

ಗಾಡಿ, ದಾರಿ, ಮಳೆ

108 ಎಲ್ಲರಿಗೂ ಗೊತ್ತು. ಆದರೆ 108ಕ್ಕೆ ನಿಮ್ಮ ಮನೆ ಗೊತ್ತಿಲ್ಲ. ನಮ್ಮ ಕಡೆ ಒಂದು ಮನೆಗೂ ಇನ್ನೊಂದಕ್ಕೂ ಅರ್ಧ ಮೈಲಿ, ಮಧ್ಯೆ ತೋಟ, ಹಳ್ಳ, ಸಂಕ. ಹಾಗಾಗಿ ದಾರಿಯನ್ನು ಮೊದಲೇ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಟಾರು ರಸ್ತೆ ಎಲ್ಲಿ ಬಿಡಬೇಕು, ಶಾಲೆಯೋ ಡೈರಿಯೋ ಯಾವ ಗುರುತು, ಗಾಡಿ ಎಲ್ಲಿವರೆಗೆ ಬರುತ್ತದೆ, ದಣಪೆ ದಾಟಿ ಎಷ್ಟು ನಡೆಯಬೇಕು. ಗಾಬರಿಯಲ್ಲಿ ನಮಗೇ ನಮ್ಮ ಮನೆ ದಾರಿ ಹೇಳೋಕೆ ಬರಲ್ಲ. ಫೋನ್ ಮಾಡಿದ ಮೇಲೆ ಒಬ್ಬರು ಟಾರ್ಚ್ ಹಿಡಿದು ರಸ್ತೆಗೆ ಹೋಗಿ ನಿಲ್ಲಬೇಕು. ಅದು ಯಾರು ಅಂತಲೂ ಮೊದಲೇ ಗೊತ್ತಿರಬೇಕು.

108 ಬೇರೆ ಕಡೆ ಹೋಗಿರಬಹುದು. ಅದಕ್ಕೆ ಊರಿನ ಇಬ್ಬರು ಜೀಪಿನವರಿಗೆ ಮೊದಲೇ ಹೇಳಿಟ್ಟಿರಿ, ಡೀಸೆಲ್ ಇಟ್ಟಿರಲಿ. ಒಬ್ಬರಿಗೇ ಹೇಳಿದರೆ ಅವತ್ತೇ ಅವರು ಅಡಿಕೆ ಮಂಡಿಗೆ ಹೋಗಿರುತ್ತಾರೆ, ನೋಡಿ ಬೇಕಾದರೆ.

ಹೆರಿಗೆ ತವರಲ್ಲೋ ಗಂಡನ ಮನೆಯಲ್ಲೋ ಅನ್ನುವ ಪ್ರಶ್ನೆ ಕಾಯಿಲೆ ಕಾಲದಲ್ಲಿ ಬೇರೆಯೇ ಆಗುತ್ತದೆ. ಚೊಚ್ಚಲು ಹೆರಿಗೆ ತವರಲ್ಲೇ ಅನ್ನುವುದು ಒಳ್ಳೆ ಪದ್ಧತಿ, ಆದರೆ ಆಪರೇಷನ್ ಮಾಡುವ, ರಕ್ತ ಸಿಗುವ ಆಸ್ಪತ್ರೆ ಯಾವ ಮನೆಗೆ ಹತ್ತಿರವೋ ಆ ಮನೆ ವಾಸಿ. ಘಟ್ಟ ಇಳಿದು ಕುಂದಾಪುರ, ಮಣಿಪಾಲ ಅಂತ ನಂಬಿಕೊಂಡವರು ಇನ್ನೊಂದು ದಾರಿಯನ್ನೂ ಯೋಚಿಸಿರಬೇಕು. ಲಾಕ್‌ಡೌನಿನಲ್ಲಿ ಜಿಲ್ಲೆ ಗಡಿಯಲ್ಲಿ ಚೆಕ್‌ಪೋಸ್ಟು, ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ ಘಾಟಿಯಲ್ಲಿ ಗುಡ್ಡ ಕುಸಿತ. ತುಮರಿ ಕಡೆಯವರು ರಾತ್ರಿ ಲಾಂಚ್ ಇಲ್ಲದೆ ಶರಾವತಿ ಹಿನ್ನೀರಿನ ದಡದಲ್ಲಿ ಬೆಳಗಾಗುವುದನ್ನು ಕಾಯುತ್ತಿದ್ದ ಕಾಲ ತೀರಾ ಹಳೆಯದಲ್ಲ, ಸೇತುವೆ ಓಡಾಟಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಮಳೆಗಾಲದಲ್ಲಿ ದಿನ ತುಂಬುವವರು, ಅದರಲ್ಲೂ ಬಿಪಿ ಇದ್ದವರು, ಒಂದೆರಡು ವಾರ ಮೊದಲೇ ತಾಲ್ಲೂಕು ಕೇಂದ್ರದಲ್ಲೋ ಶಿವಮೊಗ್ಗದಲ್ಲೋ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು. ನಾವು ಹಾಗೇ ಮಾಡಿದೆವು.

ಜ್ವರ ಬಂದರೆ

ಕೊರೊನಾ ಕಾಲದಲ್ಲಿ ಜ್ವರ ಅಂದರೆ ಕೊರೊನಾ ಒಂದೇ ಅಂದುಕೊಂಡೆವು. ಮಲೆನಾಡಿನಲ್ಲಿ ಅದು ತಪ್ಪು. ಡಿಸೆಂಬರಿನಿಂದ ಮಳೆ ಬೀಳುವವರೆಗೆ ಮಂಗನ ಕಾಯಿಲೆ, ಮಳೆಗಾಲದಲ್ಲಿ ಡೆಂಗಿ, ಗದ್ದೆ ಕೆಲಸದ ಹೊತ್ತಿಗೆ ಇಲಿಜ್ವರ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯಿಂದ ಬರುವುದು. ಹಾಗಾಗಿ ಬಸುರಿಯನ್ನು ದರಗು (ಒಣ ಎಲೆ) ಗುಡಿಸೋಕೆ, ಸೌದೆಗೆ ಕಾಡಿಗೆ ಕಳಿಸಬೇಡಿ. ನೀವು ಹೋಗಿ ಬಂದರೆ ಬಟ್ಟೆ ಹೊರಗೇ ಬಿಚ್ಚಿ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ ಒಳಗೆ ಬನ್ನಿ.

ಬಸುರಿಗೆ ಜ್ವರ ಬಂದರೆ ಅಂಗಡಿಯಿಂದ ಮಾತ್ರೆ ತಂದು ನುಂಗಿಸಿ ಕಾಯಬೇಡಿ. ಪ್ಯಾರಾಸಿಟಮಾಲ್ ಕೊಡಬಹುದು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬೇಡ. ಅದು ಹೊಟ್ಟೆಯಲ್ಲಿರುವ ಮಗುವಿಗೂ ಒಳ್ಳೆಯದಲ್ಲ, ಡೆಂಗಿ ಇದ್ದರೆ ರಕ್ತಸ್ರಾವದ ಅಪಾಯ ಬೇರೆ. ಬಿಪಿ ಅಂತ ಡಾಕ್ಟರೇ ಸಣ್ಣ ಡೋಸಿನ ಆಸ್ಪಿರಿನ್ ಕೊಟ್ಟಿದ್ದರೆ, ಜ್ವರ ಬಂದ ವಿಷಯ ಅವರಿಗೇ ಹೇಳಿ, ನೀವಾಗಿ ನಿಲ್ಲಿಸಬೇಡಿ. ಉಸಿರಾಟದ ಕಾಯಿಲೆಯಾದರೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಇಟ್ಟುಕೊಳ್ಳಿ, ಬಸುರಿಗೆ 95ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆಗೆ ಹೋಗಲೇಬೇಕು.

ಕೊರೊನಾ ಲಸಿಕೆ ಬಸುರಿಯರೂ ಹಾಕಿಸಿಕೊಳ್ಳಬಹುದು ಅಂತ ನಮ್ಮಲ್ಲಿ ಒಪ್ಪಿಗೆ ಸಿಕ್ಕಿದ್ದು 2021ರ ಜುಲೈ 2ಕ್ಕೆ, ಎರಡನೇ ಅಲೆಯ ಜೋರು ಕಳೆದ ಮೇಲೆ. ಹೊಸ ಕಾಯಿಲೆಗೆ ಹೊಸ ಲಸಿಕೆ ಬಂದಾಗ ವಾಟ್ಸಾಪ್ ಫಾರ್ವರ್ಡ್ ನೋಡಿ ತೀರ್ಮಾನ ಮಾಡದೆ ಡಾಕ್ಟರನ್ನು ಕೇಳಿ.

ಮನೆಗೆ ಬರುವವರ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿರಬೇಕು. ಬೆಂಗಳೂರಿನಿಂದ ಬಂದ ಚಿಕ್ಕಪ್ಪನಿಗೆ ಜಗಲಿಯಲ್ಲೇ ಕಾಫಿ ಕೊಟ್ಟಿದ್ದಕ್ಕೆ ಇವತ್ತಿಗೂ ಅವರಿಗೆ ನನ್ನ ಮೇಲೆ ಮುನಿಸು, ಇರಲಿ. ಸೀಮಂತವನ್ನು ಮನೆಯ ಐದು ಜನ ಸೇರಿ ಮಾಡಿದೆವು. ಉಳಿದವರು ಯಾರ ಮದುವೆಯಲ್ಲಿ ಸಿಕ್ಕರೂ ಅದನ್ನು ಎತ್ತಿ ಆಡುತ್ತಾರೆ.

ಊಟ, ಮಾತ್ರೆ

ಕಬ್ಬಿಣದ ಮಾತ್ರೆ ಮೂರು ತಿಂಗಳಾದ ಮೇಲೆ ದಿನಕ್ಕೊಂದು, 180 ದಿನ. ಕ್ಯಾಲ್ಸಿಯಂ ದಿನಕ್ಕೆರಡು. ಎರಡನ್ನೂ ಒಟ್ಟಿಗೆ ನುಂಗಬಾರದು. ಕಬ್ಬಿಣದ ಮಾತ್ರೆಯ ಆಚೀಚೆ ಒಂದು ಗಂಟೆ ಕಾಫಿ-ಟೀ ಬೇಡ, ನಿಂಬೆ ಪಾನಕ ಆಗಬಹುದು. ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಲಾಕ್‌ಡೌನ್ ಆಗಬಹುದು ಅನ್ನಿಸಿದರೆ ಆಶಾ ಹತ್ತಿರ ಎರಡು ತಿಂಗಳದ್ದು ಒಟ್ಟಿಗೆ ಕೇಳಿ ಇಸಿದುಕೊಳ್ಳಿ. ಸಂತೆ ಇಲ್ಲದಿದ್ದರೂ ಹಿತ್ತಲಲ್ಲಿ ನುಗ್ಗೆ, ಹರಿವೆ, ಬಸಳೆ ಇದೆ, ಕೊಟ್ಟಿಗೆಯಲ್ಲಿ ಹಾಲಿದೆ, ತಿನ್ನುವವರಿಗೆ ಮೊಟ್ಟೆ-ಮೀನು ಇದೆ. ಕೊರೊನಾ ಅಂತ ದಿನಕ್ಕೆ ಮೂರು ಲೋಟ ಅಮೃತಬಳ್ಳಿ ಕಷಾಯ ಕುಡಿಸಬೇಡಿ. ಮತ್ತೆ ಊಟ ಆದ ಮೇಲಿನ ಎಲೆ-ಅಡಿಕೆ ಬಸುರಿಗೆ ಬೇಡ, ಹೊಗೆಸೊಪ್ಪಂತೂ ಬೇಡವೇ ಬೇಡ. ಅಡಿಕೆ ಬೆಳೆಯುವವನ ಮನೆಯಿಂದಲೇ ಈ ಮಾತು ಬರುತ್ತಿದೆ.

ಹೆರಿಗೆ ಆದ ಮೇಲೆ

ತಾಯಿಗೆ ಕೊರೊನಾ ಪಾಸಿಟಿವ್ ಅಂತ ಬಂದರೆ ಅದೊಂದಕ್ಕೇ ಸಿಸೇರಿಯನ್ ಮಾಡಬೇಕಿಲ್ಲ, ಮಗುವನ್ನು ಬೇರೆ ಮಾಡಬೇಕಿಲ್ಲ. ಕೈ ತೊಳೆದು ಮಾಸ್ಕ್ ಹಾಕಿ ಎದೆಹಾಲು ಕೊಡಬಹುದು. ಮಗುವಿನ ಲಸಿಕೆ ತಪ್ಪಿಸಬೇಡಿ, ಹುಟ್ಟಿದಾಗ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ, ಆಮೇಲೆ ಆರನೇ ವಾರ. ಬಾಣಂತಿ ಕೋಣೆಗೆ ಕೆಂಡ ಇಟ್ಟು ಕಿಟಕಿ ಮುಚ್ಚುವುದು ಬಿಡಿ, ಹೊಗೆ ತಾಯಿ-ಮಗು ಇಬ್ಬರಿಗೂ ಕೆಟ್ಟದ್ದು. ಹಂಡೆ ನೀರಿನ ಸ್ನಾನಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಹೆರಿಗೆ ಆದ ಒಂದು ವಾರದವರೆಗಂತೂ ಬಿಪಿ ನೋಡುತ್ತಿರಿ, ಹೆರಿಗೆ ಆಯಿತು ಅಂದ ಕೂಡಲೇ ಅದು ಇಳಿಯುವುದಿಲ್ಲ. ಬಾಣಂತಿ ಕಾರಣ ಇಲ್ಲದೆ ಅಳುತ್ತಿದ್ದರೆ, ನಿದ್ದೆ ಬಿಟ್ಟರೆ, ಮಗುವನ್ನು ಎತ್ತಿಕೊಳ್ಳೋಕೆ ಮನಸ್ಸಿಲ್ಲ ಅಂದರೆ ಗದರಬೇಡಿ. ಎರಡು ವಾರ ದಾಟಿಯೂ ಹಾಗೇ ಇದ್ದರೆ ಡಾಕ್ಟರಿಗೆ ಹೇಳಿ. ನೋಡೋಕೆ ಬರುವವರಿಲ್ಲದ ಬಾಣಂತನ ತಂಗಿಗೆ ಮೊದಲು ಹಾಯೆನಿಸಿತು, ಹದಿನೈದು ದಿನದಲ್ಲಿ ಬೇಸರ ಹತ್ತಿತು. ಮಧ್ಯಾಹ್ನ ಅಮ್ಮ ಮಗು ಎತ್ತಿಕೊಂಡು, ಅವಳು ಎರಡು ಗಂಟೆ ಮಲಗುವ ಹಾಗೆ ಮಾಡಿದ ಮೇಲೆ ಸುಧಾರಿಸಿದಳು.

37ನೇ ವಾರಕ್ಕೆ, ಜುಲೈ ಕೊನೆಯಲ್ಲಿ ಅವಳಿಗೆ ಶಿವಮೊಗ್ಗದಲ್ಲಿ ನೋವು ಬರಿಸಿ ಹೆರಿಗೆ ಮಾಡಿಸಿದರು. ಪುಷ್ಯ ಮಳೆ ಹಿಡಿದಿತ್ತು. ಆಸ್ಪತ್ರೆಯೊಳಗೆ ಒಬ್ಬರನ್ನೇ ಬಿಡುತ್ತಿದ್ದರು, ಅಮ್ಮ ಒಳಗೆ, ನಾನೂ ಭಾವನೂ ಗೇಟಿನ ಹೊರಗೆ ಒಂದೇ ಕೊಡೆಯಲ್ಲಿ. ಹೆಣ್ಣುಮಗು, ಎರಡು ಕೆಜಿ ನಾನೂರು ಗ್ರಾಂ. ಬಳೆ ಮಾತ್ರ ಹೆರಿಗೆಯಾಗಿ ಹತ್ತು ದಿನದ ಮೇಲೆ, ಸೋಪು ಹಚ್ಚದೆ, ತಾನಾಗೇ ಮೊಣಕೈವರೆಗೆ ಸರಿಯಿತು.